ಬೆಳ್ಳಕ್ಕನ ಬಿಳಿ ಕೂದಲು

ಹಣ್ಣಿನ ರಸ ತೆಗೆಯುವ ದೊಡ್ಡ ಕಾರ್ಖಾನೆ ಒಂದಿತ್ತು. ಅದರ ಹಿಂಗೋಡೆಗೆ ಆತುಕೊಂಡು ಉದ್ದನೆಯ ಒಂದು ತಗಡಿನ ಶೆಡ್ಡು. ರಸ ಆಚೆಯವರಿಗೆ, ಕಸ ಈಚೆಯವರಿಗೆ. ಕಿತ್ತಳೆ ಸಿಪ್ಪೆ, ದಾಳಿಂಬೆಯ ದಪ್ಪ ಸಿಪ್ಪೆ, ಹಿಂಡಿ ಎಸೆದ ದ್ರಾಕ್ಷಿಯ ಚರಟ, ಎಲ್ಲವೂ ದಿನಾ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಬಂದು ಬೀಳುತ್ತಿತ್ತು. ಹಿಂದೆಲ್ಲ ಊರಾಚೆಯ ಗುಂಡಿಗೆ ಹೋಗಿ ನೊಣ ಸಾಕುತ್ತಿದ್ದ ಮಾಲು ಅದು. ಈಗ ಅದನ್ನೇ ಆರಿಸಿ, ತೊಳೆದು, ಒಣಗಿಸಿ, ಪುಡಿ ಮಾಡಿ, ಅದರಿಂದ ಕಂದು ಬಣ್ಣದ ಸಾರ ಇಳಿಸುತ್ತಿದ್ದರು. ಆ ಸಾರ ಬೆರೆಸಿದ ದ್ರವ ಹಚ್ಚಿಕೊಂಡರೆ ತಲೆ ಬೇಗ ನರೆಯುವುದಿಲ್ಲ ಎಂಬುದು ಶೆಡ್ಡಿನ ಯಜಮಾನರ ನಂಬಿಕೆ. ಬರೀ ನಂಬಿಕೆಯೇ. ಹಚ್ಚಿ ನೋಡೋಣವೆಂದರೆ ಯಜಮಾನರ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

ಬೆಳ್ಳಕ್ಕ ಆ ಶೆಡ್ಡಿನ ಸಿಪ್ಪೆ ಕೋಣೆಯಲ್ಲಿದ್ದಳು. ಸ್ಟೀಲಿನ ಉದ್ದ ಮೇಜಿನ ಮುಂದೆ ರಬ್ಬರ್ ಕೈಗವಸು ಹಾಕಿಕೊಂಡು ನಿಂತು, ಕೊಳೆತದ್ದನ್ನು, ಬೂಸಲು ಹಿಡಿದದ್ದನ್ನು, ಜ್ಯೂಸಿನವರು ಮರೆತು ಬಿಟ್ಟ ಕೊಳವೆ, ಸ್ಟಿಕ್ಕರುಗಳನ್ನು ಎತ್ತಿ ಹಾಕುವುದು ಅವಳ ಕೆಲಸ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಕೆಲಸಕ್ಕೆ ಸೇರಿದ ದಿನವೇ ಪಕ್ಕದ ಗ್ರೈಂಡರಿನವಳು, "ಅಯ್ಯೋ, ಏನಕ್ಕಾ ಇದು, ಇಷ್ಟು ಸಣ್ಣ ವಯಸ್ಸಿಗೇ ತಲೆ ತುಂಬ ಬೆಳ್ಳಿ!" ಅಂದಳು. ಅಲ್ಲಿಂದ ಬೆಳ್ಳಕ್ಕ ಬೆಳ್ಳಕ್ಕನೇ ಆಗಿಬಿಟ್ಟಳು. ಹಾಗಂದದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ತಾಯಿಯ ಕಡೆಯ ಅಜ್ಜಿಗೂ ಹೀಗೇ ಬೇಗ ನರೆತಿತ್ತಂತೆ. ತಾಯಿಗೆ ಮಾತ್ರ ಎಪ್ಪತ್ತು ದಾಟಿದರೂ ಅರ್ಧಕ್ಕರ್ಧ ಕಪ್ಪು. ವಂಶದ ಆಸ್ತಿ ಒಂದು ತಲೆಮಾರು ಹಾರಿ ತನ್ನ ತಲೆಗೇ ಬಂತು ಎಂದು ಅವಳೇ ನಗುತ್ತಿದ್ದಳು.

ಆ ನಗು ನಿಂತುಹೋದದ್ದು ತಾಯಿಯಿಂದ. ಮನೆಯಲ್ಲಿ ಇದ್ದವರು ಮೂರೇ ಜನ: ಬೆಳ್ಳಕ್ಕ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವ ಗಂಡ, ಮತ್ತೆ ಅವಳ ತಾಯಿ. ತಾಯಿಗೆ ಮರೆವಿನ ಕಾಯಿಲೆ. ಮೊದಲು ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆಯಿತು, ಆಮೇಲೆ ಬೀದಿ ಮರೆಯಿತು, ಆಮೇಲೆ ತನ್ನ ಗಂಡ ತೀರಿಕೊಂಡದ್ದೇ ಮರೆಯಿತು. ಅಳಿಯನನ್ನಂತೂ ಅಳತೆ ತೆಗೆದುಕೊಳ್ಳಲು ಬಂದ ಯಾರೋ ಟೈಲರ್ ಎಂದೇ ತಿಳಿದಿದ್ದಳು.

"ಈ ಟೈಲರಿಗೆ ಮನೆ ಮಠ ಏನೂ ಇಲ್ವಾ? ಮೂರು ಹೊತ್ತೂ ಇಲ್ಲೇ ಬಿದ್ದಿರ್ತಾನೆ," ಎಂದು ಗೊಣಗುತ್ತಿದ್ದಳು.

"ಇನ್ನೊಂದು ತೋಳು ಬಾಕಿ ಇದೆ ಅಮ್ಮಾವ್ರೇ, ಅದೊಂದು ಮುಗಿಸಿ ಹೊರಟೆ," ಎಂದು ಅಳಿಯ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದ. ಮಹಾ ಕುಚೇಷ್ಟೆಯ ಮನುಷ್ಯ. ಅತ್ತೆಗೂ ಅದರಿಂದ ಸಮಾಧಾನವಾಗುತ್ತಿತ್ತು.

ಬೆಳ್ಳಕ್ಕನಿಗೆ ಹಾಗೆ ಮಾಡಲು ಆಗುತ್ತಿರಲಿಲ್ಲ. ತಾಯಿ ಅವಳನ್ನು "ಅಮ್ಮಾ" ಎಂದು ಕರೆಯಲು ಶುರುಮಾಡಿದ್ದಳು. ಮಗಳನ್ನು ಮುದ್ದಿಗೆ ಅಮ್ಮಾ ಅನ್ನುವುದುಂಟಲ್ಲ, ಹಾಗಲ್ಲ. ನಿಜಕ್ಕೂ ತನ್ನ ತಾಯಿಯೇ ಅಡಿಗೆಮನೆಯಲ್ಲಿ ಓಡಾಡುತ್ತಿದ್ದಾಳೆ ಎಂಬ ನಂಬಿಕೆಯಿಂದ. ಸಾಯಂಕಾಲ ಆಯಿತೆಂದರೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬೀದಿ ನೋಡುತ್ತಾ ಕೂರುತ್ತಿದ್ದಳು. "ಅಮ್ಮಾ, ಗುಬ್ಬಿ ಇನ್ನೂ ಬರಲಿಲ್ಲ. ಶಾಲೆ ಬಿಟ್ಟು ಎಷ್ಟು ಹೊತ್ತಾಯ್ತು!"

ಗುಬ್ಬಿ ಎಂದರೆ ಬೆಳ್ಳಕ್ಕನೇ. ಚಿಕ್ಕಂದಿನಲ್ಲಿ ಬಾಯಿ ಮುಚ್ಚದೆ ಚಿಲಿಪಿಲಿ ಅನ್ನುತ್ತಿದ್ದಳೆಂದು ತಾಯಿಯೇ ಇಟ್ಟ ಹೆಸರು. ತಾಯಿ ಬಿಟ್ಟರೆ ಬೇರೆ ಯಾರೂ ಆ ಹೆಸರಿನಿಂದ ಕರೆದವರಲ್ಲ.

"ನಾನೇ ಕಣಮ್ಮಾ ಗುಬ್ಬಿ. ನೋಡಿಲ್ಲಿ, ನನ್ನ ಮುಖ ನೋಡು," ಎಂದು ಬೆಳ್ಳಕ್ಕ ಮೊಣಕಾಲೂರಿ ಕೂತು ಹೇಳುತ್ತಿದ್ದಳು.

ತಾಯಿ ಅವಳ ಮುಖ ನೋಡುತ್ತಿದ್ದಳು, ತಲೆ ನೋಡುತ್ತಿದ್ದಳು, ನಕ್ಕುಬಿಡುತ್ತಿದ್ದಳು. "ತಮಾಷೆ ಮಾಡ್ಬೇಡಮ್ಮ. ಇಷ್ಟು ಬೆಳ್ಳಗಿರೋ ತಲೆ ಗುಬ್ಬೀದಾ?"

ಎದುರಿಗೆ ಕೂತು, ನಾನೇ ಅಂತ ಗಂಟಲು ಹರಿದುಕೊಂಡರೂ, ತಾನು ಇನ್ನೂ ಬಂದಿಲ್ಲವಂತೆ! ಒಂದೇ ಒಂದು ಸಲ ಅಮ್ಮ ತನ್ನನ್ನು ನೋಡಿ ಗುಬ್ಬಿ ಅನ್ನಲಿ, ಆಮೇಲೆ ಏನು ಬೇಕಾದರೂ ಮರೆಯಲಿ ಎಂದು ಅವಳಿಗೆ ಒಳಗೊಳಗೇ ಹಟ ಹಿಡಿದಿತ್ತು. ಇದಕ್ಕೆಲ್ಲ ಕಾರಣ ಈ ಹಾಳು ಬಿಳಿ ಕೂದಲು, ಇದೊಂದು ಕಪ್ಪಾದರೆ ಎಲ್ಲ ಸರಿಹೋಗುತ್ತದೆ ಎಂದು ಅವಳ ಲೆಕ್ಕ.

ಹೀಗಿರುವಾಗಲೇ ಶೆಡ್ಡಿನ ಲ್ಯಾಬ್ ಮೇಡಂ ಊಟದ ಹೊತ್ತಿಗೆ ಬಂದು, ಹೊಸ ಸಾರದ ಪರೀಕ್ಷೆಗೆ ಒಂದಷ್ಟು ತಲೆ ಬೇಕು ಅಂದರು. ಬೇಗ ನರೆತವರು, ಬಣ್ಣ ಹಚ್ಚದವರು ಮುಂದೆ ಬರಬೇಕು. ಮೇಡಂ ಮಾತು ಮುಗಿಸುವ ಮೊದಲೇ ಬೆಳ್ಳಕ್ಕ ಎದ್ದು ನಿಂತಿದ್ದಳು.

"ನಿಧಾನ ಅಕ್ಕಾ, ತಲೆ ಕೇಳಿದ್ರು, ಕತ್ತರಿಸಿ ಕೊಡು ಅಂದಿಲ್ಲ," ಎಂದು ಗ್ರೈಂಡರಿನವಳು ಚುಚ್ಚಿದಳು.

ಪರೀಕ್ಷೆಯ ಕ್ರಮ ಹೀಗಿತ್ತು. ಒಂದೊಂದು ತಲೆಗೂ ಎರಡೆರಡು ಬಾಟಲಿ. ಕೆಂಪು ಮುಚ್ಚಳದ್ದನ್ನು ತಲೆಯ ಎಡಭಾಗಕ್ಕೆ, ನೀಲಿ ಮುಚ್ಚಳದ್ದನ್ನು ಬಲಭಾಗಕ್ಕೆ, ನಡು ಬೈತಲೆ ತೆಗೆದು ಬುಡಕ್ಕೆ ತಾಗುವಂತೆ ಹಚ್ಚಬೇಕು. ಒಂದರಲ್ಲಿ ಸಿಪ್ಪೆಯ ಸಾರ ಇರುತ್ತದೆ, ಇನ್ನೊಂದು ಅದೇ ಬಣ್ಣದ, ಅದೇ ವಾಸನೆಯ ಬರೀ ದ್ರವ. ಯಾವುದು ಯಾವುದೆಂದು ಹಚ್ಚುವವರಿಗೂ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ.

"ನಿಮಗೇ ಗೊತ್ತಿಲ್ವಾ?" ಬೆಳ್ಳಕ್ಕ ಕಣ್ಣರಳಿಸಿದಳು.

"ಗೊತ್ತಿರಬಾರದು ರೀ. ಗೊತ್ತಿದ್ರೆ ಅದು ಪರೀಕ್ಷೆ ಅಲ್ಲ."

ಇದರ ತಲೆಬುಡ ಬೆಳ್ಳಕ್ಕನಿಗೆ ಅರ್ಥವಾಗಲಿಲ್ಲ. ಮಾಡಿದವರಿಗೂ ಗೊತ್ತಿಲ್ಲದ ಔಷಧವನ್ನು ನಂಬುವುದು ಹೇಗೆ? ಆದರೂ ಎರಡೂ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದಳು.

ಮೊದಲ ಸಂಜೆ ಬಚ್ಚಲಿನ ಕನ್ನಡಿ ಮುಂದೆ ನಿಂತು ಕೆಂಪು ಮುಚ್ಚಳ ತಿರುಗಿಸಿದಳೋ ಇಲ್ಲವೋ, ಒಂದು ಸಂಶಯ ಬಂತು. ಎಡ ಅಂದರೆ ಯಾವ ಎಡ? ಕನ್ನಡಿಯಲ್ಲಿ ಎಡ ಬಲ ಅದಲುಬದಲು ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ. ಹಾಗಾದರೆ ಕನ್ನಡಿಯಲ್ಲಿ ಎಡಕ್ಕೆ ಕಾಣುವುದು ತನ್ನ ಬಲವಿರಬೇಕು. ಜಾಣೆಯ ಹಾಗೆ ಯೋಚಿಸಿ, ಕೆಂಪನ್ನು ಕನ್ನಡಿಯಲ್ಲಿ ಬಲಕ್ಕೆ ಕಂಡ ಕಡೆಗೆ ಹಚ್ಚಿದಳು. ಅಲ್ಲ, ಕೈ ಇಲ್ಲೇ ಇದೆ, ತಲೆ ಇಲ್ಲೇ ಇದೆ, ಕಣ್ಣು ಮುಚ್ಚಿಕೊಂಡು ಎಡಗೈ ಇರುವ ಕಡೆ ಹಚ್ಚಿದ್ದರೆ ಮುಗಿದುಹೋಗುತ್ತಿತ್ತು! ಆದರೆ ಕನ್ನಡಿ ಮುಂದೆ ನಿಂತವರಿಗೆ ಬುದ್ಧಿ ಎಲ್ಲಿರುತ್ತದೆ?

ಮರುದಿನ ಗಂಡನನ್ನು ಕೇಳಿದಳು. ಅವನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ನನ್ನ ಎದುರಿಗೆ ನಿಂತೋರ ಎಡ ನನ್ನ ಬಲ. ಹಾಗೇ ಅಳತೆ ತೆಗೆಯೋದು," ಅಂದ.

"ಕನ್ನಡೀಲಿ ನಿಂತಿರೋಳು ನನ್ನ ಎದುರಿಗೆ ನಿಂತ ಹಾಗೆ ತಾನೇ?"

"ಅವಳು ಬಟ್ಟೆ ಹೊಲಿಸೋಕೆ ಬಂದ್ರೆ ಹೇಳ್ತೀನಿ ತಾಳು."

ಅವಳ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಕೆಲವು ದಿನ ಕನ್ನಡಿಯನ್ನು ನಂಬಿ ಹಚ್ಚಿದಳು, ಕೆಲವು ದಿನ ಕನ್ನಡಿಯನ್ನು ನಂಬದೆ ಹಚ್ಚಿದಳು. ನಿನ್ನೆ ತಪ್ಪಾಯಿತೇನೋ ಅನ್ನಿಸಿದ ದಿನ, ಸರಿದೂಗಲಿ ಎಂದು ಬಾಟಲಿಗಳನ್ನು ಬದಲಿಸಿ ಹಚ್ಚಿದಳು. ತಿಂಗಳು ಕಳೆಯುವಷ್ಟರಲ್ಲಿ ಎರಡು ಬಾಟಲಿಯೂ ಎರಡು ಕಡೆಗೂ ಹೋಗಿ, ಯಾವ ಕೂದಲು ಏನನ್ನು ಕುಡಿದಿದೆ ಎಂದು ಹೇಳಲು ಯಾರಿಂದಲೂ ಸಾಧ್ಯವಿರಲಿಲ್ಲ.

ಕಪ್ಪಾಯಿತೇ? ಅದೂ ಒಂದು ಗೊಂದಲ. ಬಚ್ಚಲಿನ ದೀಪದಲ್ಲಿ ಕಪ್ಪಾದಂತೆ ಕಾಣುತ್ತಿತ್ತು, ಬಿಸಿಲಿಗೆ ಹೋದರೆ ಅದೇ ಬೆಳ್ಳಿ. ಗ್ರೈಂಡರಿನವಳು ಒಂದು ದಿನ "ಹೌದಕ್ಕಾ, ಬುಡದಲ್ಲಿ ಏನೋ ಕಪ್ಪಿದೆ" ಎಂದು ಹೇಳಿ, ಮರುದಿನ "ಅಯ್ಯೋ, ಅದು ದ್ರಾಕ್ಷಿ ಪುಡಿ ಅಂಟಿಕೊಂಡಿದ್ದು" ಅಂದಳು. ತಾಯಿಯನ್ನು ಕೇಳುವ ಹಾಗಿಲ್ಲ. ಬೆಳ್ಳಕ್ಕ ಪ್ರತಿ ಸಂಜೆ ತಲೆ ಬಾಚಿ, ಬೇಕೆಂದೇ ತಾಯಿಯ ಮುಂದೆ ಹಾದುಹೋಗುತ್ತಿದ್ದಳು. ತಾಯಿ ಬೀದಿಯಿಂದ ಕಣ್ಣು ತೆಗೆಯದೆ, "ಗುಬ್ಬಿ ಕಾಣ್ತಿಲ್ವಲ್ಲಮ್ಮ," ಅನ್ನುತ್ತಿದ್ದಳು.

ತಪಾಸಣೆಯ ದಿನ ಮೇಡಂ ಅವಳನ್ನು ಬಿಳಿ ದೀಪದ ಕೆಳಗೆ ಕೂರಿಸಿ, ಬೈತಲೆಯ ಆಚೆ ಈಚೆ ಭೂತಗನ್ನಡಿ ಹಿಡಿದು ನೋಡಿದರು. ಫೋಟೋ ತೆಗೆದರು. ಹಳೆಯ ಫೋಟೋ ಪಕ್ಕದಲ್ಲಿಟ್ಟರು. ಎಡ ನೋಡಿದರು, ಬಲ ನೋಡಿದರು, ಮತ್ತೆ ಎಡ ನೋಡಿದರು. ಹಣೆ ಗಂಟಿಕ್ಕಿತು.

"ವಿಚಿತ್ರವಾಗಿದೆ ರೀ. ಎರಡು ಕಡೆನೂ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಕೂದಲು ಹುಟ್ಟಿದೆ. ಬರೀ ದ್ರವ ಹಚ್ಚಿದ ಕಡೆ ಯಾಕೆ ಹುಟ್ಟಬೇಕು? ಕೆಂಪು ಎಡಕ್ಕೇ ಹಚ್ಚಿದ್ರಿ ತಾನೇ?"

ಬೆಳ್ಳಕ್ಕ ಕನ್ನಡಿಯ ಪುರಾಣವನ್ನೆಲ್ಲ ಹೇಳಿದಳು. ಮೇಡಂ ಕುರ್ಚಿಗೆ ಒರಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"ನನ್ನ ಹತ್ರ ಇದ್ದ ತಲೆಗಳಲ್ಲೆಲ್ಲ ಒಳ್ಳೇ ತಲೆ ನಿಮ್ಮದು! ಹೀಗೆ ಮಾಡೋದಾ? ಹೋಗಲಿ ಬಿಡಿ, ಮೊದಲಿಂದ ಶುರುಮಾಡೋಣ. ಈ ಸಲ ನಿಮ್ಮ ಮನೆಯೋರ ಕೈಲೇ ಹಚ್ಚಿಸಿಕೊಳ್ಳಿ."

"ಮೊದಲಿಂದಾನಾ? ಪೂರ್ತಿ ಕಪ್ಪಾಗೋದು ಯಾವಾಗ ಮೇಡಂ?"

"ಪೂರ್ತಿ ಅಂದ್ರೆ?"

"ತಲೆಯೆಲ್ಲ."

ಮೇಡಂ ಅವಳನ್ನೇ ನೋಡಿದರು. ಈಗ ಅವರಿಗೂ ತಬ್ಬಿಬ್ಬು. "ಅಲ್ಲ ರೀ, ಇದು ಬಣ್ಣ ಅಲ್ಲ. ಆಗಲೇ ಬೆಳ್ಳಗಾಗಿರೋ ಕೂದಲು ಬೆಳ್ಳಗೇ ಇರುತ್ತೆ. ಹೊಸದಾಗಿ ಹುಟ್ಟೋದು ಬೆಳ್ಳಗಾಗೋದನ್ನ ಕೊಂಚ ತಡೀಬಹುದೇನೋ ಅಂತ ನೋಡ್ತಿದ್ದೀವಿ. ಬಹುದೇನೋ, ಅಷ್ಟೇ. ಶುರುವಿನಲ್ಲೇ ಹೇಳಿದ್ನಲ್ಲ?"

ಹೇಳಿದ್ದರೋ ಏನೋ. ಅವತ್ತು ಬೆಳ್ಳಕ್ಕನ ಕಿವಿಗೆ ಬಿದ್ದದ್ದು ಕೂದಲು, ಕಪ್ಪು ಎಂಬ ಎರಡೇ ಮಾತು. ಬಿಡಿಸಿ ಕೇಳುವ ತಾಳ್ಮೆ ಅವಳಿಗೆಲ್ಲಿತ್ತು? ಇಷ್ಟು ದಿನ ಮೆತ್ತಿಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅವಳಿಗೆ ಮೇಡಂ ಮೇಲೆ ಸಿಟ್ಟು ಬಂತು, ಕಿತ್ತಳೆ ಸಿಪ್ಪೆಯ ಮೇಲೆ ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ನುಗ್ಗಿ ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ಕೊಂಡಳು. ಪರೀಕ್ಷೆಗೆ ಸೇರಿದವರು ಅದನ್ನು ಮುಟ್ಟಲೇಬಾರದು ಎಂದು ಮೇಡಂ ಎಲ್ಲರ ಕೈಲೂ ಮಾತು ತೆಗೆದುಕೊಂಡಿದ್ದರು. ಮಾತು ಹಾಳಾಗಿ ಹೋಗಲಿ ಎಂದುಕೊಂಡಳು.

ಬಚ್ಚಲಿನ ಬಾಗಿಲು ಹಾಕಿಕೊಂಡು ಬಣ್ಣ ಕಲಸಿ, ಎಡ ಬಲ ಅನ್ನದೆ ತಲೆ ತುಂಬ ಬಳಿದುಕೊಂಡಳು. ತೊಳೆದು, ಒರೆಸಿ, ಬಾಚಿ, ಹೊರಗೆ ಬಂದಳು. ಗಂಡ ಯಂತ್ರ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡಿದ.

"ಯಾರು ತಾಯಿ ತಾವು? ಅಳತೆ ಕೊಡೋಕೆ ಬಂದ್ರಾ?"

"ನಿಮ್ಮ ತಮಾಷೆ ಆಮೇಲೆ ಇಟ್ಕೊಳ್ಳಿ," ಎಂದು ಬೆಳ್ಳಕ್ಕ ಸೀದಾ ಬಾಗಿಲ ಬಳಿಗೆ ಹೋದಳು. ತಾಯಿಯ ಕುರ್ಚಿಯ ಮುಂದೆ ಮೊಣಕಾಲೂರಿ ಕೂತಳು. "ಅಮ್ಮಾ, ನೋಡು. ಬಂದೆ."

ತಾಯಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಪರಿಚಯವಿಲ್ಲದವರ ಮುಂದೆ ನಗುವ ನಗು ನಕ್ಕಳು. "ಮೇಲೆ ಕೂತ್ಕೊಳ್ಳಿ, ಕೆಳಗೆ ಯಾಕೆ ಕೂತ್ರಿ? ಅಮ್ಮ ಒಳಗಿದ್ದಾಳೆ, ಕರೀತೀನಿ." ಅಡಿಗೆಮನೆಯ ಕಡೆ ತಿರುಗಿ ಕೂಗಿದಳು. "ಅಮ್ಮಾ, ಯಾರೋ ಬಂದಿದ್ದಾರೆ ನೋಡು!"

ಒಳಗಿನಿಂದ ಯಾರು ಬರಬೇಕು? ತಾಯಿ ಮತ್ತೆ ಕೂಗಿದಳು. ಗೋಡೆ ಹಿಡಿದುಕೊಂಡು ಎದ್ದು ಅಡಿಗೆಮನೆಗೆ ಹೋದಳು, ಬಚ್ಚಲು ನೋಡಿದಳು, ಮಂಚದ ಹಿಂದೆ ನೋಡಿದಳು. "ಅಮ್ಮಾ" ಎಂದು ಕರೆಯುವ ಸ್ವರ ಸಣ್ಣದಾಗುತ್ತಾ ಹೋಗಿ ಕೊನೆಗೆ ಅಳುವಾಯಿತು. ಬೆಳ್ಳಕ್ಕ ಹಿಂದಿಂದೆ ಓಡಿದಳು. "ನಾನಮ್ಮಾ, ಗುಬ್ಬಿ! ನಿನ್ನ ಗುಬ್ಬಿ!"

"ಗುಬ್ಬಿ ಇಷ್ಟೇ ಇಷ್ಟಿದಾಳೆ," ಎಂದು ತಾಯಿ ತನ್ನ ಸೊಂಟದ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. "ನೀವು ಯಾರು? ನಮ್ಮಮ್ಮನ್ನ ಏನು ಮಾಡಿದ್ರಿ?"

ಆ ಕೈಯನ್ನು ನೋಡಿ ಬೆಳ್ಳಕ್ಕ ನಿಂತಲ್ಲೇ ನಿಂತಳು. ಸೊಂಟದಷ್ಟು ಎತ್ತರದ ಹುಡುಗಿಯನ್ನು ಕಾಯುತ್ತಿರುವವಳಿಗೆ ತಾನು ಯಾವ ಬಣ್ಣದ ತಲೆ ತೋರಿಸಿದರೆ ಏನು? ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲೇ ಇಲ್ಲವಲ್ಲ. ಗುಬ್ಬಿಯಾಗಲು ಹೋಗಿ, ಅಮ್ಮನಿಗೆ ಇದ್ದ ಒಬ್ಬ ಅಮ್ಮನನ್ನೂ ಕೈಯಾರೆ ಇಲ್ಲವಾಗಿಸಿದ್ದಳು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ತಾಯಿ ಅವಳ ಕೈಯ ಊಟಕ್ಕೆ ಹಿಂದೆಮುಂದೆ ನೋಡುತ್ತಿದ್ದಳು, ನೀರು ಕೊಟ್ಟರೆ "ನಿಮಗ್ಯಾಕೆ ತೊಂದರೆ" ಅನ್ನುತ್ತಿದ್ದಳು. ಹೆತ್ತ ತಾಯಿ ಮಗಳಿಗೆ ನೀವು ತಾವು ಎಂದು ಮರ್ಯಾದೆ ಕೊಡುವುದಕ್ಕಿಂತ ಎರಡೇಟು ಬಿಗಿದರೆ ವಾಸಿ. ಟೈಲರ್ ಒಬ್ಬನೇ ಆಕೆಗೆ ಗೊತ್ತಿರುವ ಮುಖವಾಗಿ ಉಳಿದಿದ್ದ. "ನಮ್ಮಮ್ಮ ಎಲ್ಲಿ ಹೋದಳು, ನಿಮಗೇನಾದ್ರೂ ಹೇಳಿ ಹೋದಳಾ?" ಎಂದು ಅವನನ್ನು ಪಿಸುಮಾತಿನಲ್ಲಿ ಕೇಳುತ್ತಿದ್ದಳು. ಅವನು ಕೂಡ ತಮಾಷೆ ಮರೆತು ಸೂಜಿಗೆ ದಾರ ಪೋಣಿಸುತ್ತಾ ಕೂರುತ್ತಿದ್ದ.

ಶೆಡ್ಡಿನಲ್ಲಿ ಮೇಡಂ ಅವಳ ತಲೆ ನೋಡಿ ಕಿರುಚುವುದೊಂದು ಬಾಕಿ. "ಏನ್ರೀ ಇದು! ನೀವು ಪರೀಕ್ಷೆಯಿಂದ ಹೊರಗೆ. ಬಾಟಲಿ ವಾಪಸ್ ತನ್ನಿ."

ಬೆಳ್ಳಕ್ಕ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಇಟ್ಟು ಅಲ್ಲೇ ನಿಂತಳು. "ಮೇಡಂ, ಒಂದು ಮಾತು. ಈ ಸಿಪ್ಪೆಯಲ್ಲಿ ಕೂದಲು ಬೇಗ ಬೆಳ್ಳಗಾಗೋ ಥರದ್ದು ಏನಾದ್ರೂ ಇದೆಯಾ?"

"ಏನಂದ್ರಿ?"

"ಬೆಳ್ಳಗೆ ಮೇಡಂ. ಮೊದಲಿದ್ದ ಹಾಗೆ."

ಗೋಡೆಯಾಚೆಯಿಂದ ಗ್ರೈಂಡರಿನವಳು ಕಿಸಕ್ಕನೆ ನಕ್ಕದ್ದು ಕೇಳಿಸಿತು. ನರೆ ತಡೆಯಲೆಂದೇ ಕಟ್ಟಿದ ಶೆಡ್ಡಿನೊಳಗೆ ನಿಂತು ನರೆ ಬೇಡಿದವಳು ಇವಳೊಬ್ಬಳೇ. ಆದರೆ ಮೇಡಂ ನಗಲಿಲ್ಲ. ಅವಳನ್ನು ಕೂರಿಸಿ, ಏನಾಯಿತೆಂದು ಕೇಳಿದರು. ಬೆಳ್ಳಕ್ಕ ಹೇಳುತ್ತಾ ಹೇಳುತ್ತಾ ಬಿಕ್ಕಿ ಅತ್ತಳು. ಕೇಳಿ ಮುಗಿದ ಮೇಲೆ ಮೇಡಂ ಅಂದರು, "ಅಂಥದ್ದು ಇಲ್ಲ ರೀ. ಬುಡದಿಂದ ತಾನಾಗೇ ಬರೋವರೆಗೂ ಕಾಯಬೇಕು."

"ನಿಮ್ಮ ಸಾರ ಹೀರಿಕೊಂಡಿರೋ ಬುಡ ಅದು. ಅದು ತಡೆದುಬಿಟ್ರೆ?"

"ತಡೆಯುತ್ತೋ ಇಲ್ಲವೋ ನನಗೂ ಗೊತ್ತಿಲ್ಲ," ಅಂದರು ಮೇಡಂ. ಆಗ ಮೊದಲ ಸಲ ಬೆಳ್ಳಕ್ಕನಿಗೆ ಅವರ ಮೇಲೆ ಪ್ರೀತಿ ಬಂತು.

ಆಮೇಲೆ ಕಾದಳು. ಜಗತ್ತಿನ ಹೆಂಗಸರೆಲ್ಲ ಕನ್ನಡಿ ಮುಂದೆ ಒಂದು ಬಿಳಿ ಕೂದಲು ಕಂಡರೆ ಬೆಚ್ಚಿಬೀಳುವಾಗ, ಇವಳು ಬೆಳಿಗ್ಗೆ ಎದ್ದು ಬೈತಲೆ ಬಿಡಿಸಿ ಬಿಳಿ ಹುಡುಕುತ್ತಿದ್ದಳು. ಕೊನೆಗೆ ಬಂತು. ಮೊದಲು ದಾರದ ಎಳೆಯಷ್ಟು, ಆಮೇಲೆ ಬೆರಳಗಲ. ಅಲ್ಲೊಂದು ಇಲ್ಲೊಂದು ಕಪ್ಪು ಇದ್ದದ್ದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಎದುರಿಗೆ ನಿಂತರೆ ಈಗಲೂ ಕಪ್ಪು ತಲೆಯೇ ಕಾಣುತ್ತಿತ್ತು, ತಾಯಿ ಈಗಲೂ ನೀವು ಎಂದೇ ಕರೆಯುತ್ತಿದ್ದಳು.

ರಜೆಯ ಒಂದು ಮಧ್ಯಾಹ್ನ ಬೆಳ್ಳಕ್ಕ ತಾಯಿಯ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ನೆಲದ ಮೇಲೆ ಕೂತು ಉಗುರು ತೆಗೆಯುತ್ತಿದ್ದಳು. ಹೆಬ್ಬೆರಳಿನ ಉಗುರು ಗಟ್ಟಿ. ಮೈಯೆಲ್ಲ ಕಣ್ಣಾಗಿ, ತಲೆ ಬಗ್ಗಿಸಿ ಕತ್ತರಿಸುತ್ತಿರುವಾಗ ನೆತ್ತಿಯ ಮೇಲೆ ಒಂದು ಕೈ ಬಂದು ಕೂತಿತು. ಬೆರಳುಗಳು ಬೈತಲೆಯ ಉದ್ದಕ್ಕೂ ಮೆಲ್ಲಗೆ ಓಡಾಡಿದವು.

"ಅಮ್ಮಾ," ಅಂದಳು ತಾಯಿ. "ಎಲ್ಲಿ ಹೋಗಿದ್ದೆ ಇಷ್ಟು ದಿನ? ಯಾರೋ ಒಬ್ಬಳನ್ನ ನನ್ನ ಹತ್ರ ಬಿಟ್ಟು ಹೋಗಿದ್ದೆ. ಒಳ್ಳೇವಳೇ ಪಾಪ, ಆದ್ರೆ ಯಾವಾಗ್ಲೂ ಅಳುಮುಖ."

ಬೆಳ್ಳಕ್ಕ ತಲೆ ಎತ್ತಲಿಲ್ಲ. ಎತ್ತಿದರೆ ಬಿಳಿ ಮರೆಯಾಗುತ್ತದೆಂಬ ಭಯ. ನಾನು ಗುಬ್ಬಿ ಕಣಮ್ಮಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಇಲ್ಲೇ ಇದ್ದೆ ಕಣೇ," ಅಂದಳು. ತನ್ನ ತಾಯಿಯನ್ನು ಅವಳು ಹಾಗೆ ಕರೆದದ್ದು ಅದೇ ಮೊದಲು. ನಾಚಿಕೆಯೂ ಆಯಿತು, ಎದೆಯೂ ತುಂಬಿ ಬಂತು, ಯಾವುದು ಯಾವುದೆಂದು ಗೊತ್ತಾಗಲಿಲ್ಲ.

ತಾಯಿ ಬಗ್ಗಿ ದನಿ ತಗ್ಗಿಸಿದಳು. "ಗುಬ್ಬಿ ಬಂದಿಲ್ಲಮ್ಮ. ಬೆಳಿಗ್ಗೆ ತಲೆ ಬಾಚುವಾಗ ಸುಮ್ಮನೆ ನಿಲ್ಲಲ್ಲ ಅಂತ ಬಾಚಣಿಗೆಯಲ್ಲೇ ಹೊಡೆದುಬಿಟ್ಟೆ. ಅಳ್ತಾನೇ ಹೋದಳು. ನಿನಗೆ ಹೇಳೋಕೆ ಭಯ ಆಗಿತ್ತು. ನನ್ನ ಮೇಲೆ ಕೋಪಕ್ಕೇ ಬರ್ತಿಲ್ಲವೇನೋ ಅವಳು."

ದಿನಾ ಸಂಜೆ ಬಾಗಿಲಲ್ಲಿ ಕೂತು ಅಮ್ಮ ಕಾಯುತ್ತಿದ್ದದ್ದು ಇದಕ್ಕೇ! ಆ ಏಟು ಬಿದ್ದ ನೆನಪು ಕೂಡ ಬೆಳ್ಳಕ್ಕನಿಗೆ ಇರಲಿಲ್ಲ. ಅಂಥ ಏಟು ಎಷ್ಟೋ ತಿಂದಿದ್ದಳು, ಆಡುತ್ತಾ ಮರೆತಿದ್ದಳು. ಅವಳ ಕಣ್ಣು ಮಂಜಾಗಿ ಉಗುರು ಕಾಣದಾಯಿತು. ಕತ್ತರಿ ಕೆಳಗಿಟ್ಟು, ಆ ಒದ್ದೆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅವಳಿಗೆ ಕೋಪ ಇಲ್ಲ ಕಣೇ. ಒಂದು ಚೂರೂ ಇಲ್ಲ."

"ನಿನಗೆ ಹೇಗೆ ಗೊತ್ತು?"

"ನನ್ನ ಹತ್ರ ಹೇಳಿದ್ಳು. ಅಮ್ಮ ಅಂದ್ರೆ ಪ್ರಾಣ ಅಂದ್ಳು."

"ಹಾಗಂದ್ಳಾ?" ತಾಯಿ ಕುರ್ಚಿಗೆ ಒರಗಿದಳು. ಬೀದಿಯ ಕಡೆ ನೋಡಲಿಲ್ಲ. ನೀರಿನಲ್ಲಿದ್ದ ಇನ್ನೊಂದು ಕಾಲನ್ನು ಎತ್ತಿ ಅವಳ ಮಡಿಲಲ್ಲಿಟ್ಟಳು. "ಹಾಗಾದ್ರೆ ಬರಲಿ ಬಿಡು ನಿಧಾನವಾಗಿ. ಇದರದ್ದೂ ತೆಗಿ."